ಮೌಸ್ ಮುಟ್ಟದೆ ವೆಬ್ ಓದುವುದು ಹೇಗೆ: ಕ್ಯೂಟ್‌ಬ್ರೌಸರ್ ಬಗ್ಗೆ ಸಮಗ್ರ ಮಾರ್ಗದರ್ಶಿ

ದಿನವಿಡೀ ಕೀಬೋರ್ಡ್ ಮೇಲೆ ಕೈ ಇಟ್ಟು ಕೆಲಸ ಮಾಡುವವರಿಗೆ ಬ್ರೌಸರ್ ಒಂದೇ ಅಡ್ಡಿ. ಬರೆಯುವಾಗ, ಕೋಡ್ ಮಾಡುವಾಗ, ಲೆಕ್ಕ ಹಾಕುವಾಗ ಬೆರಳುಗಳು ತಮ್ಮ ಜಾಗದಲ್ಲೇ ಇರುತ್ತವೆ. ಬ್ರೌಸರಿಗೆ ಬಂದ ಕೂಡಲೇ ಬಲಗೈ ಮೌಸ್ ಕಡೆ ಹೋಗುತ್ತದೆ. ಲಿಂಕ್ ಒತ್ತಬೇಕು, ಟ್ಯಾಬ್ ಮುಚ್ಚಬೇಕು, ಪುಟ ಕೆಳಗೆ ಸರಿಸಬೇಕು. ಇದೆಲ್ಲವನ್ನೂ ಕೀಬೋರ್ಡಿನಿಂದಲೇ ಮಾಡಲು ಕಟ್ಟಿದ ಬ್ರೌಸರುಗಳಿವೆ. ಅವುಗಳಲ್ಲಿ ನನಗೆ ಅತಿ ಇಷ್ಟವಾದದ್ದು ಕ್ಯೂಟ್‌ಬ್ರೌಸರ್.

ಸ್ವಿಟ್ಜರ್ಲೆಂಡಿನ ಫ್ಲೋರಿಯನ್ ಬ್ರೂಹಿನ್ ಇದನ್ನು 2013ರ ಕೊನೆಯಲ್ಲಿ ಬರೆಯಲು ಶುರು ಮಾಡಿದರು. ಮೊದಲ ಆವೃತ್ತಿ 2014ರ ಡಿಸೆಂಬರಿನಲ್ಲಿ ಬಂತು. ಪೈಥಾನ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ, ಜಿಪಿಎಲ್ ಪರವಾನಗಿ, ಬಿಡಿಗಾಸೂ ಕೊಡಬೇಕಿಲ್ಲ. ಪುಟ ತೋರಿಸುವ ಎಂಜಿನ್ ಕ್ಯೂಟಿ ವೆಬ್‌ಎಂಜಿನ್. ಕ್ಯೂಟಿ ಅಂದರೆ ತಂತ್ರಾಂಶಗಳ ಕಿಟಕಿ, ಬಟನ್ನುಗಳನ್ನು ಕಟ್ಟುವ ಸಲಕರಣೆ. ಈ ಎಂಜಿನ್ ಒಳಗಿರುವುದು ಕ್ರೋಮಿಯಂ, ಅಂದರೆ ಕ್ರೋಮ್ ಬ್ರೌಸರಿನ ಮುಕ್ತ ತಳಹದಿ. ಹಾಗಾಗಿ ಕನ್ನಡದ ಒತ್ತಕ್ಷರಗಳು ಕ್ರೋಮ್‌ನಲ್ಲಿ ಹೇಗೆ ಕಾಣುತ್ತವೋ ಇಲ್ಲೂ ಹಾಗೇ ಕಾಣುತ್ತವೆ.

ಶುರು ಮಾಡುವ ಮುಂಚೆ ಒಂದು ಸೂಚನೆ. ಕೀಗಳ ಹೆಸರನ್ನೂ ಆಜ್ಞೆಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ. ‘ಎಫ್’ ಅಂದರೆ ಸಣ್ಣಕ್ಷರ, ‘ಶಿಫ್ಟ್-ಎಫ್’ ಅಂದರೆ ದೊಡ್ಡಕ್ಷರ. ಇಲ್ಲಿ ಈ ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ, ಆದ್ದರಿಂದ ಕ್ಯಾಪ್ಸ್ ಲಾಕ್ ಆಫ್ ಆಗಿರಲಿ. ಆಜ್ಞೆಯ ಕಾಗುಣಿತ ಪೂರ್ತಿ ಗೊತ್ತಿರಬೇಕಿಲ್ಲ. ಒಂದು ತುಂಡು ಟೈಪ್ ಮಾಡಿದರೆ ಪಟ್ಟಿ ತಾನೇ ಬರುತ್ತದೆ, ಟ್ಯಾಬ್ ಕೀ ಒತ್ತಿ ಆರಿಸಿಕೊಳ್ಳಬಹುದು.

ಹಾಕಿಕೊಳ್ಳುವುದು

ಆರ್ಚ್ ಲಿನಕ್ಸ್, ಫೆಡೋರಾ ಬಳಸುವವರಿಗೆ ಸುಲಭ. ಪ್ಯಾಕ್ಮನ್ ಅಥವಾ ಡಿಎನ್‌ಎಫ್‌ಗೆ ಹೆಸರು ಕೊಟ್ಟರೆ ಸಾಕು. ಹೆಸರಿನ ಮೊದಲ ನಾಲ್ಕು ಅಕ್ಷರ ಕ್ಯೂ, ಯು, ಟಿ, ಇ. ವಿಂಡೋಸ್ ಬಳಸುವವರು ಯೋಜನೆಯ ಅಧಿಕೃತ ತಾಣದಿಂದ ಇನ್‌ಸ್ಟಾಲರ್ ಇಳಿಸಿಕೊಂಡು ಎಂದಿನಂತೆ ನೆಕ್ಸ್ಟ್ ನೆಕ್ಸ್ಟ್ ಒತ್ತಬಹುದು. ಮ್ಯಾಕ್‌ಗೂ ಆವೃತ್ತಿ ಇದೆ. ಫ್ಲಾಟ್‌ಹಬ್‌ನಲ್ಲೂ ಸಿಗುತ್ತದೆ.

ಉಬುಂಟು ಮತ್ತು ಡೆಬಿಯನ್‌ನಲ್ಲಿ ಸ್ವಲ್ಪ ಯೋಚಿಸಬೇಕು. ಆಪ್ಟ್ ಮೂಲಕ ಹಾಕಿಕೊಂಡರೆ ಕೆಲಸ ಮಾಡುತ್ತದೆ. ಆದರೆ ಜೊತೆಗೆ ಬರುವ ವೆಬ್‌ಎಂಜಿನ್ ಹಳೆಯದಾಗಿರುವ ಸಂಭವ ಜಾಸ್ತಿ. ಬ್ರೌಸರ್ ವಿಷಯದಲ್ಲಿ ಹಳೆಯದು ಅಂದರೆ ಸುರಕ್ಷತೆಯ ತೂತುಗಳು ಅಂತಲೇ ಅರ್ಥ. ಇದಕ್ಕೆ ಯೋಜನೆಯವರೇ ದಾರಿ ಕೊಟ್ಟಿದ್ದಾರೆ. ಗಿಟ್ ಬಳಸಿ ಗಿಟ್‌ಹಬ್‌ನಿಂದ ಮೂಲ ಕೋಡ್ ಇಳಿಸಿಕೊಳ್ಳಿ. ಅದರ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಎಂಕೆವೆನ್ವ್ ಅನ್ನುವ ಪೈಥಾನ್ ಫೈಲ್ ಇದೆ. ಅದನ್ನು ಓಡಿಸಿದರೆ ಪ್ರತ್ಯೇಕ ಪೈಥಾನ್ ಪರಿಸರ ಕಟ್ಟಿ, ಹೊಸ ಕ್ಯೂಟಿಯನ್ನು ಅದರೊಳಗೇ ಹಾಕುತ್ತದೆ. ಸಿಸ್ಟಮ್ಮಿನ ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಮುಂಚೆಯೇ ಪೈಥಾನ್3-ವೆನ್ವ್ ಮತ್ತು ಲಿಬ್‌ಎಕ್ಸ್‌ಸಿಬಿ-ಕರ್ಸರ್0 ಪ್ಯಾಕೇಜುಗಳನ್ನು ಹಾಕಿಕೊಂಡಿರಿ. ಎರಡನೆಯದು ಇಲ್ಲದಿದ್ದರೆ ಹೊಸ ಕ್ಯೂಟಿ ಕಿಟಕಿಯನ್ನೇ ತೆರೆಯದೆ ನಿಂತುಬಿಡುತ್ತದೆ.

ಈ ದಾರಿಯಲ್ಲಿ ಒಂದು ಕೊರತೆ ಇದೆ. ಪೈಥಾನ್ ಭಂಡಾರದಿಂದ ಬರುವ ವೆಬ್‌ಎಂಜಿನ್‌ನಲ್ಲಿ ಎಚ್.264ರಂಥ ಪರವಾನಗಿ ಬೇಕಾದ ವಿಡಿಯೊ ಕೊಡೆಕ್, ಅಂದರೆ ವಿಡಿಯೊ ಬಿಚ್ಚಿ ಓಡಿಸುವ ತುಣುಕು, ಇರುವುದಿಲ್ಲ. ಯೂಟ್ಯೂಬ್ ನಡೆಯುತ್ತದೆ. ಆದರೆ ಕೆಲವು ತಾಣಗಳ ವಿಡಿಯೊ ಓಡುವುದಿಲ್ಲ. ಅದಕ್ಕೆ ಪರಿಹಾರ ಮುಂದೆ ಹೇಳುತ್ತೇನೆ.

ಯಾವ ದಾರಿಯಲ್ಲೇ ಹಾಕಿಕೊಂಡಿರಲಿ, ತೆರೆದ ಮೇಲೆ ಕೋಲನ್ ಒತ್ತಿ, ವರ್ಷನ್ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಕ್ಯೂಟಿ ಮತ್ತು ಕ್ರೋಮಿಯಂ ಆವೃತ್ತಿಗಳ ಸಂಖ್ಯೆ ಕಾಣುತ್ತದೆ. ಕ್ರೋಮಿಯಂ ತೀರಾ ಹಳೆಯದಾಗಿದ್ದರೆ ಅಲ್ಲೇ ಬಿಟ್ಟು ಬೇರೆ ದಾರಿ ಹಿಡಿಯಿರಿ.

ಮೊದಲು ಅರ್ಥವಾಗಬೇಕಾದದ್ದು: ಮೋಡ್

ಕಿಟಕಿ ತೆರೆದಾಗ ಮೇಲೆ ವಿಳಾಸ ಪಟ್ಟಿ ಇಲ್ಲ, ಬಟನ್ನುಗಳಿಲ್ಲ. ಟ್ಯಾಬ್‌ಗಳ ಒಂದು ಸಾಲು, ಕೆಳಗೆ ಸ್ಥಿತಿ ತೋರಿಸುವ ಒಂದು ಸಣ್ಣ ಪಟ್ಟಿ. ಅಷ್ಟೇ. ಹಲವರು ಇಲ್ಲೇ ಗಾಬರಿಯಾಗಿ ಮುಚ್ಚಿಬಿಡುತ್ತಾರೆ. ಬೇಡ, ಒಂದೇ ಒಂದು ವಿಷಯ ಅರ್ಥ ಮಾಡಿಕೊಂಡರೆ ಉಳಿದದ್ದು ತಾನಾಗೇ ಬರುತ್ತದೆ.

ಇಲ್ಲಿ ಒಂದೇ ಕೀ ಬೇರೆ ಬೇರೆ ಮೋಡಿನಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. ತೆರೆದ ಕೂಡಲೇ ನೀವಿರುವುದು ನಾರ್ಮಲ್ ಮೋಡಿನಲ್ಲಿ. ಇಲ್ಲಿ ಪ್ರತಿ ಅಕ್ಷರವೂ ಒಂದು ಆಜ್ಞೆ. ‘ಡಿ’ ಒತ್ತಿದರೆ ಟ್ಯಾಬ್ ಮುಚ್ಚುತ್ತದೆ, ‘ಆರ್’ ಒತ್ತಿದರೆ ಪುಟ ಮತ್ತೆ ಲೋಡ್ ಆಗುತ್ತದೆ. ಫಾರ್ಮ್ ತುಂಬಬೇಕಾದಾಗ ಇನ್‌ಸರ್ಟ್ ಮೋಡಿಗೆ ಹೋಗಬೇಕು. ಆಗ ‘ಡಿ’ ಒತ್ತಿದರೆ ಬರೀ ಡಿ ಬೀಳುತ್ತದೆ. ಬರೆಯುವ ಪೆಟ್ಟಿಗೆಯನ್ನು ಆರಿಸಿದಾಗ ಇನ್‌ಸರ್ಟ್ ಮೋಡ್ ತಾನೇ ಶುರುವಾಗುತ್ತದೆ. ಶುರುವಾಗದಿದ್ದರೆ ‘ಐ’ ಒತ್ತಿ. ಎಸ್ಕೇಪ್ ಒತ್ತಿದರೆ ನಾರ್ಮಲ್‌ಗೆ ವಾಪಸ್.

ಎಲ್ಲಿದ್ದೀರಿ ಅಂತ ತಿಳಿಯಲು ಕೆಳಗಿನ ಪಟ್ಟಿ ನೋಡಿ. ಕಪ್ಪಗಿದ್ದರೆ ನಾರ್ಮಲ್. ಕಡುಹಸಿರಾಗಿ ‘ಇನ್‌ಸರ್ಟ್ ಮೋಡ್’ ಅಂತ ಬರೆದಿದ್ದರೆ ಟೈಪ್ ಮಾಡಬಹುದು. ಮೊದಲ ದಿನಗಳಲ್ಲಿ ಟೈಪ್ ಮಾಡುವ ಮುಂಚೆ ಈ ಬಣ್ಣ ನೋಡುವ ಅಭ್ಯಾಸ ಮಾಡಿಕೊಳ್ಳಿ. ಇಲ್ಲವಾದರೆ ಪೆಟ್ಟಿಗೆಯಲ್ಲಿ ಬರೆಯುತ್ತಿದ್ದೇನೆ ಅಂದುಕೊಂಡು ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ಎರಡು ಟ್ಯಾಬ್ ಮುಚ್ಚಿಹೋಗಿರುತ್ತವೆ. ಹಾಗಾದರೂ ಚಿಂತೆ ಬೇಡ. ‘ಯು’ ಒತ್ತಿ, ಮುಚ್ಚಿದ ಟ್ಯಾಬ್ ಹಾಗೇ ವಾಪಸ್ ಬರುತ್ತದೆ.

ಮೂರನೆಯದು ಪಾಸ್‌ಥ್ರೂ ಮೋಡ್. ಇದು ಕಡುನೀಲಿ. ಹೊಸಬರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಬೇರೆ ಬ್ರೌಸರಿನ ಅಭ್ಯಾಸದಿಂದ ಪೇಸ್ಟ್ ಮಾಡಲು ಕಂಟ್ರೋಲ್-ವಿ ಒತ್ತುತ್ತಾರೆ. ನಾರ್ಮಲ್ ಮೋಡಿನಲ್ಲಿ ಅದು ಪೇಸ್ಟ್ ಅಲ್ಲ, ಪಾಸ್‌ಥ್ರೂಗೆ ಬಾಗಿಲು. ಒಳಗೆ ಹೋದ ಮೇಲೆ ಒತ್ತಿದ ಎಲ್ಲ ಕೀಗಳೂ ನೇರವಾಗಿ ತಾಣಕ್ಕೇ ಹೋಗುತ್ತವೆ, ಎಸ್ಕೇಪ್ ಕೂಡ. ಹೊರಗೆ ಬರಲು ಶಿಫ್ಟ್-ಎಸ್ಕೇಪ್ ಒತ್ತಬೇಕು. ಈ ಮೋಡ್ ಸುಮ್ನೆ ಇಟ್ಟಿಲ್ಲ. ಜಿಮೇಲ್‌ನಂಥ ತಾಣಗಳಿಗೆ ತಮ್ಮದೇ ಕೀಬೋರ್ಡ್ ಆಜ್ಞೆಗಳಿವೆ. ಅವನ್ನು ಬಳಸಬೇಕಾದರೆ ಕ್ಯೂಟ್‌ಬ್ರೌಸರ್ ಪಕ್ಕಕ್ಕೆ ಸರಿಯಬೇಕು, ಅಲ್ವಾ?

ಮೊದಲ ವಾರಕ್ಕೆ ಇಷ್ಟು ಕೀ ಸಾಕು

ಮೊದಲ ಸಲ ತೆರೆದಾಗ ಬರುವ ಪುಟದಲ್ಲಿ ಇಡೀ ಕೀಬೋರ್ಡಿನ ಚಿತ್ರ ಇರುತ್ತದೆ. ಪ್ರತಿ ಕೀ ಮೇಲೂ ಅದರ ಕೆಲಸ ಬರೆದಿರುತ್ತದೆ. ಅದನ್ನು ಬಾಯಿಪಾಠ ಮಾಡಲು ಕೂರಬೇಡಿ. ಬೇಕಾದಾಗ ಬೇಕಾದಷ್ಟು ಕಲಿತರೆ ಬೆರಳಿಗೆ ಅಂಟಿಕೊಳ್ಳುತ್ತದೆ.

ಪುಟ ಸರಿಸುವುದರಿಂದ ಶುರು ಮಾಡಿ. ‘ಜೆ’ ಕೆಳಗೆ, ‘ಕೆ’ ಮೇಲೆ. ‘ಎಚ್’ ಎಡಕ್ಕೆ, ‘ಎಲ್’ ಬಲಕ್ಕೆ. ಈ ನಾಲ್ಕರ ಹಿಂದೆ ಹಳೆಯ ಕತೆ ಇದೆ. 1976ರಲ್ಲಿ ಬಿಲ್ ಜಾಯ್ ವಿಐ ಎಡಿಟರ್ ಬರೆದಾಗ ಅವರ ಮುಂದಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್. ಅದರಲ್ಲಿ ಬಾಣದ ಗುರುತುಗಳನ್ನು ಇದೇ ನಾಲ್ಕು ಅಕ್ಷರಗಳ ಮೇಲೆ ಅಚ್ಚು ಹಾಕಿದ್ದರು. ಆ ಪದ್ಧತಿ ಇವತ್ತಿಗೂ ಉಳಿದುಬಂದಿದೆ. ವಿಐನ ಮುಂದುವರಿದ ರೂಪವಾದ ವಿಮ್ ಗೊತ್ತಿರುವವರಿಗೆ ಇಲ್ಲಿನ ಅರ್ಧ ಕೀಗಳು ಮೊದಲೇ ಗೊತ್ತಿರುತ್ತವೆ. ಅರ್ಧ ಪುಟ ಜಾರಲು ಕಂಟ್ರೋಲ್-ಡಿ, ಹಿಂದಕ್ಕೆ ಕಂಟ್ರೋಲ್-ಯು. ಪುಟದ ಮೇಲ್ತುದಿಗೆ ‘ಜಿ’ ಎರಡು ಸಲ, ತಳಕ್ಕೆ ಶಿಫ್ಟ್-ಜಿ.

ತಾಣ ತೆರೆಯಲು ‘ಓ’. ಕೆಳಗೆ ಸಾಲು ತೆರೆದುಕೊಳ್ಳುತ್ತದೆ. ವಿಳಾಸವನ್ನೋ ಹುಡುಕಬೇಕಾದ ಮಾತನ್ನೋ ಟೈಪ್ ಮಾಡಿ ಎಂಟರ್ ಕೊಡಿ. ಹೊಸ ಟ್ಯಾಬಿನಲ್ಲಿ ಬೇಕಾದರೆ ಶಿಫ್ಟ್-ಓ. ಈಗಿನ ವಿಳಾಸವನ್ನೇ ಸ್ವಲ್ಪ ತಿದ್ದಬೇಕಾದರೆ ‘ಜಿ’ ಆಮೇಲೆ ‘ಓ’.

ಟ್ಯಾಬ್‌ಗಳ ಮಧ್ಯೆ ಓಡಾಡಲು ಶಿಫ್ಟ್-ಜೆ ಮುಂದಿನದು, ಶಿಫ್ಟ್-ಕೆ ಹಿಂದಿನದು. ಮುಚ್ಚಲು ‘ಡಿ’. ನೋಡಿದ ಪುಟಗಳಲ್ಲಿ ಹಿಂದೆ ಹೋಗಲು ಶಿಫ್ಟ್-ಎಚ್, ಮುಂದೆ ಹೋಗಲು ಶಿಫ್ಟ್-ಎಲ್. ಪುಟದೊಳಗೆ ಹುಡುಕಲು ಓರೆಗೆರೆ ಒತ್ತಿ ಪದ ಟೈಪ್ ಮಾಡಿ. ಆ ಪದ ಮುಂದೆ ಸಿಗುವ ಜಾಗಕ್ಕೆ ‘ಎನ್’, ಹಿಂದಿನದಕ್ಕೆ ಶಿಫ್ಟ್-ಎನ್. ವಿಳಾಸ ನಕಲು ಮಾಡಲು ‘ವೈ’ ಎರಡು ಸಲ. ನಕಲಾದ ವಿಳಾಸವನ್ನು ತೆರೆಯಲು ‘ಪಿ’ ಎರಡು ಸಲ.

ಲಿಂಕ್ ಒತ್ತುವುದು: ಈ ಬ್ರೌಸರಿನ ಜೀವಾಳ

ಈಗ ‘ಎಫ್’ ಒತ್ತಿ ನೋಡಿ. ಪುಟದಲ್ಲಿರುವ ಪ್ರತಿ ಲಿಂಕಿನ ಮೇಲೂ ಹಳದಿ ಬಣ್ಣದ ಪುಟ್ಟ ಚೀಟಿ ಅಂಟಿಕೊಳ್ಳುತ್ತದೆ. ಅದರ ಮೇಲೆ ಒಂದೋ ಎರಡೋ ಅಕ್ಷರ. ಆ ಅಕ್ಷರ ಟೈಪ್ ಮಾಡಿದರೆ ಲಿಂಕ್ ತೆರೆಯುತ್ತದೆ. ಕಣ್ಣು ಲಿಂಕಿನ ಮೇಲೆ ಇರುವಾಗಲೇ ಬೆರಳು ಒತ್ತಿರುತ್ತದೆ. ಮೌಸ್ ಎಷ್ಟೇ ಚುರುಕಾಗಿ ಓಡಿಸಿದರೂ ಇಷ್ಟು ಬೇಗ ಆಗುವುದಿಲ್ಲ. ನನ್ನ ಮಟ್ಟಿಗೆ ಈ ಒಂದು ಸೌಲಭ್ಯಕ್ಕಾಗಿಯೇ ಈ ಬ್ರೌಸರ್ ಕಲಿಯಬೇಕು.

ಶಿಫ್ಟ್-ಎಫ್ ಒತ್ತಿದರೆ ಲಿಂಕ್ ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ. ಅರ್ಧವಿರಾಮ ಚಿಹ್ನೆಯಿಂದ, ಅಂದರೆ ‘ಎಲ್’ ಪಕ್ಕದ ಸೆಮಿಕೋಲನ್‌ನಿಂದ ಶುರುವಾಗುವ ಒಂದು ಗುಂಪೇ ಇದೆ. ಸೆಮಿಕೋಲನ್ ಆಮೇಲೆ ‘ವೈ’ ಒತ್ತಿದರೆ ಲಿಂಕ್ ತೆರೆಯದೆ ಅದರ ವಿಳಾಸ ಮಾತ್ರ ನಕಲಾಗುತ್ತದೆ. ‘ಡಿ’ ಒತ್ತಿದರೆ ಡೌನ್‌ಲೋಡ್. ‘ಐ’ ಒತ್ತಿದರೆ ಚಿತ್ರಗಳಿಗೆ ಮಾತ್ರ ಚೀಟಿ. ‘ಟಿ’ ಒತ್ತಿದರೆ ಬರೆಯುವ ಪೆಟ್ಟಿಗೆಗಳಿಗೆ ಮಾತ್ರ. ಪುಟದ ಮೊದಲ ಪೆಟ್ಟಿಗೆಗೆ ನೇರ ಹಾರಲು ‘ಜಿ’ ಆಮೇಲೆ ‘ಐ’ ಇನ್ನೂ ಬೇಗ.

ಪತ್ರಿಕೆಗಳ ಮುಖಪುಟ ಓದುವವರಿಗೆ ಒಂದು ವಿಶೇಷ. ಸೆಮಿಕೋಲನ್ ಆಮೇಲೆ ‘ಆರ್’ ಒತ್ತಿ. ಚೀಟಿಗಳು ಬರುತ್ತವೆ, ಒಂದು ಆರಿಸಿದ ಮೇಲೂ ಹೋಗುವುದಿಲ್ಲ. ಬೇಕಾದ ಸುದ್ದಿಗಳನ್ನೆಲ್ಲ ಒಂದಾದ ಮೇಲೊಂದು ಆರಿಸುತ್ತಾ ಹೋಗಿ. ಎಲ್ಲವೂ ಹಿಂದೆ ಬೇರೆ ಬೇರೆ ಟ್ಯಾಬುಗಳಲ್ಲಿ ತೆರೆದುಕೊಳ್ಳುತ್ತವೆ. ಮುಗಿದಾಗ ಎಸ್ಕೇಪ್. ಆಮೇಲೆ ಶಿಫ್ಟ್-ಜೆ ಒತ್ತುತ್ತಾ ಒಂದೊಂದೇ ಓದಿ, ‘ಡಿ’ ಒತ್ತಿ ಮುಚ್ಚುತ್ತಾ ಹೋಗಬಹುದು. ಬೆಳಗಿನ ಪತ್ರಿಕೆ ಓದಲು ಇದಕ್ಕಿಂತ ಹಿತವಾದ ವಿಧಾನ ನನಗೆ ಸಿಕ್ಕಿಲ್ಲ.

ಚೀಟಿಯ ಅಕ್ಷರಗಳು ಮೊದಲಿಗೆ ಕೀಬೋರ್ಡಿನ ಮಧ್ಯದ ಸಾಲಿನವು. ಅಕ್ಷರ ಬೇಡ, ಅಂಕಿ ಬೇಕು ಅನ್ನಿಸಿದರೆ ಹಿಂಟ್ಸ್.ಮೋಡ್ ಅನ್ನುವ ಸೆಟ್ಟಿಂಗನ್ನು ನಂಬರ್‌ಗೆ ಬದಲಿಸಿ. ಯಾವ ಸೆಟ್ಟಿಂಗ್ ಬದಲಿಸಲೂ ಕೋಲನ್ ಒತ್ತಿ ಸೆಟ್ ಅಂತ ಬರೆದು, ಮುಂದೆ ಸೆಟ್ಟಿಂಗಿನ ಹೆಸರು, ಆಮೇಲೆ ಹೊಸ ಆಯ್ಕೆ ಹಾಕಿ ಎಂಟರ್ ಕೊಡಬೇಕು. ಆಗ ಲಿಂಕಿನ ಪದವನ್ನೇ ಟೈಪ್ ಮಾಡಿ ಚೀಟಿಗಳನ್ನು ಸೋಸಿಕೊಳ್ಳುವುದೂ ಸಾಧ್ಯ.

ಕನ್ನಡಕ್ಕೆ ಹೊಂದಿಸುವುದು

ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದಿಲ್ಲ. ನಮಗೆ ಇದೇ ಮುಖ್ಯ.

ತೊಂದರೆ ಏನೆಂದರೆ, ಕೀಬೋರ್ಡ್ ಕನ್ನಡದಲ್ಲಿ ಇದ್ದಾಗ ನಾರ್ಮಲ್ ಮೋಡಿನ ಆಜ್ಞೆಗಳು ಕೆಲಸ ಮಾಡುವುದಿಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಜೆ’ ಕೀ ಒತ್ತಿದರೆ ‘ರ’ ಬರುತ್ತದೆ, ‘ಕೆ’ ಒತ್ತಿದರೆ ‘ಕ’, ‘ಎಲ್’ ಒತ್ತಿದರೆ ‘ತ’. ‘ರ’ ಅಂದರೆ ಕೆಳಗೆ ಹೋಗು ಅಂತ ಬ್ರೌಸರಿಗೆ ಗೊತ್ತಿಲ್ಲ. ಕೀಬೋರ್ಡ್ ಕೆಟ್ಟಿತೇನೋ ಅನ್ನಿಸುತ್ತದೆ. ಕೆಟ್ಟಿಲ್ಲ, ಭಾಷೆ ಬದಲಿಸಿದರೆ ಸರಿಯಾಗುತ್ತದೆ.

ನನ್ನ ಸಲಹೆ ಹೀಗಿದೆ. ಭಾಷೆ ಬದಲಿಸುವ ಕೀಯನ್ನು ಹೆಬ್ಬೆರಳಿಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪಿನಲ್ಲೂ ವಿಂಡೋಸ್‌ನಲ್ಲೂ ವಿಂಡೋಸ್ ಗುರುತಿನ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಪೆಟ್ಟಿಗೆಯೊಳಗೆ ಹೋದ ಮೇಲೆ ಕನ್ನಡಕ್ಕೆ ಬನ್ನಿ, ಬರೆಯಿರಿ, ಇಂಗ್ಲಿಷ್‌ಗೆ ಮರಳಿ, ಆಮೇಲೆ ಎಸ್ಕೇಪ್ ಒತ್ತಿ. ಕೊನೆಯ ಎರಡು ಹೆಜ್ಜೆಗಳನ್ನು ಒಂದೇ ಹೆಜ್ಜೆ ಅಂತ ಭಾವಿಸಿ ರೂಢಿ ಮಾಡಿಕೊಂಡರೆ ತೊಂದರೆಯೇ ಇರುವುದಿಲ್ಲ. ಪುಟದೊಳಗೆ ಕನ್ನಡ ಪದ ಹುಡುಕುವಾಗಲೂ ಇದೇ ಕ್ರಮ. ಓರೆಗೆರೆಯನ್ನು ಇಂಗ್ಲಿಷಿನಲ್ಲಿ ಒತ್ತಿ, ಪದವನ್ನು ಕನ್ನಡದಲ್ಲಿ ಬರೆದು ಎಂಟರ್ ಕೊಟ್ಟು, ಇಂಗ್ಲಿಷ್‌ಗೆ ಬಂದು ‘ಎನ್’ ಒತ್ತಿ.

ಇನ್ನೊಂದು ದಾರಿಯೂ ಇದೆ. ಬೈಂಡಿಂಗ್ಸ್.ಕೀ_ಮ್ಯಾಪಿಂಗ್ಸ್ ಅನ್ನುವ ಸೆಟ್ಟಿಂಗ್ ಒಂದು ಕೀಯನ್ನು ಇನ್ನೊಂದರಂತೆ ಭಾವಿಸಲು ಹೇಳುತ್ತದೆ. ‘ರ’ ಬಂದರೆ ‘ಜೆ’ ಅಂತ ತಿಳಿ, ‘ಕ’ ಬಂದರೆ ‘ಕೆ’ ಅಂತ ತಿಳಿ ಎಂದು ಬರೆದಿಡಬಹುದು. ಸೇರಿಸಲು ಕೋಲನ್ ಒತ್ತಿ ಕಾನ್ಫಿಗ್-ಡಿಕ್ಟ್-ಆಡ್ ಆಜ್ಞೆ ಕೊಡಿ. ಅದರ ಮುಂದೆ ಸೆಟ್ಟಿಂಗಿನ ಹೆಸರು, ಆಮೇಲೆ ಕನ್ನಡ ಅಕ್ಷರ, ಆಮೇಲೆ ಇಂಗ್ಲಿಷ್ ಅಕ್ಷರ. ಮೊದಲು ಒಂದೇ ಅಕ್ಷರ ಸೇರಿಸಿ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುತ್ತದೆಯೇ ನೋಡಿ. ಪುಟ ಸರಿಸುವ ನಾಲ್ಕು ಕೀಗಳಿಗೆ ಇಷ್ಟು ಮಾಡಿಕೊಂಡರೆ ಓದುವಾಗ ಅನುಕೂಲ. ಇಡೀ ಕೀಬೋರ್ಡಿಗೆ ಮಾಡಲು ಹೋಗಬೇಡಿ. ಭಾಷೆ ಬದಲಿಸುವ ರೂಢಿಯೇ ದೀರ್ಘಕಾಲಕ್ಕೆ ಒಳ್ಳೆಯದು.

ಅಕ್ಷರ ಚೆನ್ನಾಗಿ ಕಾಣಲು ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟ್ ಹಾಕಿಕೊಂಡಿರಿ. ಕೆಳಗಿನ ಪಟ್ಟಿಯಲ್ಲಿ, ಟ್ಯಾಬ್ ಶೀರ್ಷಿಕೆಗಳಲ್ಲಿ ಕನ್ನಡ ಸಣ್ಣದಾಗಿ ಕಂಡರೆ ಫಾಂಟ್ಸ್.ಡೀಫಾಲ್ಟ್_ಸೈಜ್ ಹೆಚ್ಚಿಸಿ. ಕನ್ನಡ ಶೀರ್ಷಿಕೆಗಳು ಉದ್ದ. ಮೇಲಿನ ಸಾಲಿನಲ್ಲಿ ಹತ್ತು ಟ್ಯಾಬ್ ಆದ ಕೂಡಲೇ ಎರಡೇ ಅಕ್ಷರ ಕಾಣುತ್ತವೆ. ಟ್ಯಾಬ್ಸ್.ಪೊಸಿಷನ್ ಅನ್ನು ಲೆಫ್ಟ್ ಮಾಡಿದರೆ ಟ್ಯಾಬ್‌ಗಳು ಎಡಬದಿಯಲ್ಲಿ ಒಂದರ ಕೆಳಗೊಂದು ನಿಲ್ಲುತ್ತವೆ, ಶೀರ್ಷಿಕೆ ಓದಲು ಸಿಗುತ್ತದೆ.

ಉದ್ದನೆಯ ಕನ್ನಡ ಬರಹವನ್ನು ಪೆಟ್ಟಿಗೆಯೊಳಗೇ ಬರೆಯುವುದು ಕಷ್ಟ. ಇನ್‌ಸರ್ಟ್ ಮೋಡಿನಲ್ಲಿ ಕಂಟ್ರೋಲ್-ಇ ಒತ್ತಿದರೆ ಪೆಟ್ಟಿಗೆಯಲ್ಲಿರುವುದು ಹೊರಗಿನ ಎಡಿಟರಿನಲ್ಲಿ ತೆರೆಯುತ್ತದೆ. ಬರೆದು ಉಳಿಸಿ ಮುಚ್ಚಿದರೆ ಎಲ್ಲವೂ ಪೆಟ್ಟಿಗೆಗೆ ಬಂದು ಬೀಳುತ್ತದೆ. ಮೊದಲಿಗೆ ಇದು ಜಿವಿಮ್, ಅಂದರೆ ತನ್ನದೇ ಕಿಟಕಿಯಲ್ಲಿ ತೆರೆಯುವ ವಿಮ್, ಹುಡುಕುತ್ತದೆ. ಜಿವಿಮ್‌ನಲ್ಲೂ ಟರ್ಮಿನಲ್‌ಗಳಲ್ಲೂ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತವೆ. ಆದ್ದರಿಂದ ಎಡಿಟರ್.ಕಮಾಂಡ್ ಸೆಟ್ಟಿಂಗಿನಲ್ಲಿ ಕೇಟ್‌ನಂಥ ಎಡಿಟರ್ ಹಾಕಿಕೊಳ್ಳಿ. ಅದಕ್ಕೆ ಬ್ಲಾಕ್ ಅನ್ನುವ ಆಯ್ಕೆಯನ್ನೂ ಕೊಡಿ. ಫೈಲ್ ಮುಚ್ಚುವ ತನಕ ಎಡಿಟರ್ ಕಾಯದಿದ್ದರೆ ಬರೆದದ್ದು ವಾಪಸ್ ಬರುವುದಿಲ್ಲ.

ಹುಡುಕಾಟಕ್ಕೆ ಅಡ್ಡಹೆಸರು

‘ಓ’ ಒತ್ತಿ ಪದ ಟೈಪ್ ಮಾಡಿದರೆ ಅದು ಡಕ್‌ಡಕ್‌ಗೋಗೆ ಹೋಗುತ್ತದೆ. ಇದನ್ನು ಬದಲಿಸಬಹುದು, ಹೊಸತನ್ನೂ ಸೇರಿಸಬಹುದು. ಕನ್ನಡ ವಿಕಿಪೀಡಿಯಕ್ಕೆ ‘ಕೆಡಬ್ಲ್ಯು’ ಎಂದು ಎರಡು ಅಕ್ಷರದ ಅಡ್ಡಹೆಸರು ಇಟ್ಟರೆ, ‘ಓ’ ಒತ್ತಿ ಆ ಎರಡಕ್ಷರ, ಒಂದು ಸ್ಪೇಸ್, ಆಮೇಲೆ ಕುವೆಂಪು ಅಂತ ಬರೆದರೆ ನೇರ ವಿಕಿಪೀಡಿಯದೊಳಗೇ ಹುಡುಕುತ್ತದೆ. ಅಲರ್ ಎಂಬ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟಿಗೂ ಹೀಗೇ ಒಂದು ಇಟ್ಟುಕೊಳ್ಳಿ. ಅನುವಾದ ಮಾಡುವವರಿಗಂತೂ ಇದು ದೊಡ್ಡ ಸಹಾಯ.

ಸೇರಿಸುವ ಕ್ರಮ ಹೀಗೆ. ಆ ತಾಣಕ್ಕೆ ಹೋಗಿ ಯಾವುದಾದರೂ ಇಂಗ್ಲಿಷ್ ಪದ ಹುಡುಕಿ. ಉತ್ತರದ ಪುಟ ಬಂದಾಗ ‘ವೈ’ ಎರಡು ಸಲ ಒತ್ತಿ ವಿಳಾಸ ನಕಲು ಮಾಡಿ. ಕೋಲನ್ ಒತ್ತಿ ಕಾನ್ಫಿಗ್-ಡಿಕ್ಟ್-ಆಡ್ ಬರೆದು, ಮುಂದೆ ಯುಆರ್‌ಎಲ್.ಸರ್ಚ್‌ಎಂಜಿನ್ಸ್, ಅಡ್ಡಹೆಸರು, ಆಮೇಲೆ ನಕಲು ಮಾಡಿದ ವಿಳಾಸ ಹಾಕಿ. ವಿಳಾಸದಲ್ಲಿ ನೀವು ಹುಡುಕಿದ ಪದ ಇರುವ ಜಾಗದಲ್ಲಿ ತೆರೆದು ಮುಚ್ಚಿದ ಒಂದು ಜೊತೆ ಹೂಬ್ರಾಕೆಟ್ ಇಡಿ, ಹೀಗೆ: {}. ಎಂಟರ್ ಕೊಡಿ, ಮುಗಿಯಿತು. ಇಂಗ್ಲಿಷ್ ಪದವನ್ನೇ ಹುಡುಕಿ ಅಂದದ್ದಕ್ಕೆ ಕಾರಣ ಇದೆ. ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ವಿಳಾಸದಲ್ಲಿ ಶೇಕಡಾ ಗುರುತುಗಳ ಜೊತೆ ಒಂಬತ್ತು ಅಕ್ಷರಗಳಾಗಿ ಬಿಡುತ್ತದೆ. ಅದರಲ್ಲಿ ಪದ ಎಲ್ಲಿ ಮುಗಿಯಿತು ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಪದೇ ಪದೇ ಹೋಗುವ ತಾಣಗಳಿಗೆ ಕ್ವಿಕ್‌ಮಾರ್ಕ್ ಇಡಿ. ತಾಣದಲ್ಲಿದ್ದಾಗ ‘ಎಂ’ ಒತ್ತಿ ಚಿಕ್ಕ ಹೆಸರು ಕೊಡಿ. ಆಮೇಲೆ ‘ಬಿ’ ಒತ್ತಿ ಆ ಹೆಸರು ಟೈಪ್ ಮಾಡಿದರೆ ತೆರೆಯುತ್ತದೆ, ಶಿಫ್ಟ್-ಬಿ ಆದರೆ ಹೊಸ ಟ್ಯಾಬಿನಲ್ಲಿ. ಮಾಮೂಲಿ ಬುಕ್‌ಮಾರ್ಕ್ ಬೇಕಾದರೆ ಶಿಫ್ಟ್-ಎಂ.

ಜಾಹೀರಾತು, ಸ್ಕ್ರಿಪ್ಟ್, ವಿಡಿಯೊ

ಜಾಹೀರಾತು ತಡೆ ಒಳಗೇ ಇದೆ. ಆದರೆ ಚೆನ್ನಾಗಿ ಕೆಲಸ ಮಾಡಬೇಕಾದರೆ ಅಡ್‌ಬ್ಲಾಕ್ ಅನ್ನುವ ಪೈಥಾನ್ ಲೈಬ್ರರಿ ಇರಬೇಕು. 2021ರ 2.0 ಆವೃತ್ತಿಯಿಂದ ಇದರ ಬೆಂಬಲ ಬಂತು. ಬ್ರೇವ್ ಬ್ರೌಸರಿನವರ ತಡೆ ಎಂಜಿನ್ನೇ ಇದರೊಳಗಿದೆ. ಹಾಕಿಕೊಂಡ ಮೇಲೆ ಅಡ್‌ಬ್ಲಾಕ್-ಅಪ್‌ಡೇಟ್ ಆಜ್ಞೆ ಕೊಡಿ, ಈಸಿಲಿಸ್ಟ್ ಮುಂತಾದ ಪಟ್ಟಿಗಳು ಇಳಿಯುತ್ತವೆ. ಆಗಾಗ ಮತ್ತೆ ಕೊಡುತ್ತಿರಿ. ಜಾಹೀರಾತು ಹೋದರೂ ಅದು ಇದ್ದ ಖಾಲಿ ಜಾಗ ಕೆಲವು ಪುಟಗಳಲ್ಲಿ ಉಳಿಯುತ್ತದೆ, ಅದನ್ನು ಮುಚ್ಚುವ ಶಕ್ತಿ ಇದಕ್ಕಿಲ್ಲ.

ಒಂದು ತಾಣ ತೀರಾ ಭಾರವಾಗಿದ್ದರೆ ಅಲ್ಲಿಗೆ ಮಾತ್ರ ಜಾವಾಸ್ಕ್ರಿಪ್ಟ್ ನಿಲ್ಲಿಸಬಹುದು. ‘ಟಿ’, ‘ಎಸ್’, ‘ಎಚ್’ ಒಂದಾದ ಮೇಲೊಂದು ಒತ್ತಿ. ಇದು ಈ ಸಲಕ್ಕೆ ಮಾತ್ರ. ಮಧ್ಯದ ‘ಎಸ್’ ದೊಡ್ಡಕ್ಷರವಾದರೆ ಶಾಶ್ವತ. ಮತ್ತೆ ಒತ್ತಿದರೆ ಮತ್ತೆ ಶುರು. ನಿಧಾನದ ನೆಟ್ ಇರುವ ಊರಿನಲ್ಲಿ ಸುದ್ದಿ ಓದಲು ಇದು ಬಹಳ ಉಪಯೋಗ. ಪುಟ ತೆರೆದ ಕೂಡಲೇ ವಿಡಿಯೊ ಕಿರುಚುವುದು ನಿಲ್ಲಲು ಕಂಟೆಂಟ್.ಆಟೋಪ್ಲೇ ಅನ್ನು ಫಾಲ್ಸ್ ಮಾಡಿ.

ಯಾವುದಾದರೂ ತಾಣ ನೋಟಿಫಿಕೇಶನ್ ಕಳಿಸಲೇ, ನಿಮ್ಮ ಸ್ಥಳ ತಿಳಿಯಲೇ ಅಂತ ಕೇಳಿದಾಗ ಕೆಳಗೆ ಪ್ರಶ್ನೆ ಬರುತ್ತದೆ. ‘ವೈ’ ಒಪ್ಪಿಗೆ, ‘ಎನ್’ ಬೇಡ. ಶಿಫ್ಟ್-ಎನ್ ಒತ್ತಿದರೆ ಇನ್ನು ಮುಂದೆ ಆ ತಾಣ ಕೇಳುವುದೇ ಇಲ್ಲ.

ಇನ್ನು ವಿಡಿಯೊ. ಎಂಪಿವಿ ಪ್ಲೇಯರ್ ಮತ್ತು ತಾಣಗಳಿಂದ ವಿಡಿಯೊ ತರುವ ವೈಟಿ-ಡಿಎಲ್‌ಪಿ ಹಾಕಿಕೊಳ್ಳಿ. ಬೈಂಡ್ ಆಜ್ಞೆಯಿಂದ ಅಲ್ಪವಿರಾಮ ಆಮೇಲೆ ‘ಎಂ’ ಎನ್ನುವ ಜೋಡಿಗೆ ಈ ಕೆಲಸ ಕಟ್ಟಿ: ಹಿಂಟ್ ಲಿಂಕ್ಸ್ ಸ್ಪಾನ್ ಎಂಪಿವಿ, ಕೊನೆಗೆ ಹೂಬ್ರಾಕೆಟ್ಟಿನೊಳಗೆ ಹಿಂಟ್-ಯುಆರ್‌ಎಲ್. ಇನ್ನು ಮುಂದೆ ಆ ಜೋಡಿ ಒತ್ತಿದರೆ ಚೀಟಿಗಳು ಬರುತ್ತವೆ, ಆರಿಸಿದ ವಿಡಿಯೊ ಎಂಪಿವಿಯಲ್ಲಿ ಓಡುತ್ತದೆ. ವೈಟಿ-ಡಿಎಲ್‌ಪಿಗೆ ಗೊತ್ತಿರುವ ತಾಣವಾದರೆ, ಕೊಡೆಕ್ ಇಲ್ಲದ ತೊಂದರೆ ಇದರಿಂದ ತಪ್ಪುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಫ್ಯಾನ್ ಸದ್ದೂ ಕಡಿಮೆಯಾಗುತ್ತದೆ.

ಸೆಟ್ಟಿಂಗ್ ಉಳಿಯುವ ಜಾಗ

ಸೆಟ್ ಆಜ್ಞೆಯಿಂದ ಮಾಡಿದ ಬದಲಾವಣೆಗಳು ಆಟೋಕಾನ್ಫಿಗ್ ಅನ್ನುವ ಫೈಲಿನಲ್ಲಿ ತಾವೇ ಉಳಿಯುತ್ತವೆ. ಮೊದಲ ಕೆಲವು ತಿಂಗಳು ಇಷ್ಟೇ ಸಾಕು. ‘ಎಸ್’ ಎರಡು ಸಲ ಒತ್ತಿದರೆ ಸೆಟ್ ಆಜ್ಞೆ ಸಿದ್ಧವಾಗಿ ಬರುತ್ತದೆ. ಶಿಫ್ಟ್-ಎಸ್ ಆಮೇಲೆ ಸಣ್ಣ ‘ಎಸ್’ ಒತ್ತಿದರೆ ಎಲ್ಲ ಸೆಟ್ಟಿಂಗುಗಳ ಪುಟವೇ ತೆರೆಯುತ್ತದೆ, ಪ್ರತಿಯೊಂದಕ್ಕೂ ವಿವರಣೆ ಸಹಿತ.

ಎಲ್ಲವನ್ನೂ ಒಂದೇ ಪೈಥಾನ್ ಫೈಲಿನಲ್ಲಿ ಕೈಯಾರೆ ಬರೆದಿಡಲು ಇಷ್ಟಪಡುವವರು ಕಾನ್ಫಿಗ್-ರೈಟ್-ಪಿವೈ ಆಜ್ಞೆ ಕೊಡಬಹುದು. ಈಗಿರುವ ಸೆಟ್ಟಿಂಗುಗಳೆಲ್ಲ ಹೊಸ ಫೈಲಿಗೆ ಹೋಗುತ್ತವೆ. ಇಲ್ಲಿ ಎಚ್ಚರ ಬೇಕು. ಆ ಫೈಲಿನ ಮೇಲ್ಭಾಗದಲ್ಲಿ ಲೋಡ್_ಆಟೋಕಾನ್ಫಿಗ್ ಎಂಬ ಸಾಲಿದೆ, ಅದರಲ್ಲಿ ಫಾಲ್ಸ್ ಅಂತ ಇರುತ್ತದೆ. ಅದು ಹಾಗೇ ಇದ್ದರೆ ಮುಂದೆ ಸೆಟ್ ಆಜ್ಞೆಯಿಂದ ಮಾಡುವ ಬದಲಾವಣೆಗಳು ಬ್ರೌಸರ್ ಮುಚ್ಚಿ ತೆರೆದ ಕೂಡಲೇ ಮಾಯ. ಎರಡೂ ಬೇಕಾದರೆ ಅದನ್ನು ಟ್ರೂ ಮಾಡಿ. ಫೈಲ್ ತಿದ್ದಿದ ಮೇಲೆ ಕಾನ್ಫಿಗ್-ಸೋರ್ಸ್ ಆಜ್ಞೆ ಕೊಟ್ಟರೆ ಬ್ರೌಸರ್ ಮುಚ್ಚದೆಯೇ ಜಾರಿಗೆ ಬರುತ್ತದೆ.

ಮುಚ್ಚುವಾಗ ತೆರೆದಿದ್ದ ಟ್ಯಾಬುಗಳು ಮತ್ತೆ ಬೇಕೆಂದರೆ ಶಿಫ್ಟ್-ಝಡ್ ಎರಡು ಸಲ ಒತ್ತಿ ಹೊರಬನ್ನಿ. ಯಾವಾಗಲೂ ಹಾಗೇ ಆಗಲಿ ಅಂದರೆ ಆಟೋ_ಸೇವ್.ಸೆಷನ್ ಅನ್ನು ಟ್ರೂ ಮಾಡಿ.

ಎಲ್ಲಿ ಕೈಕೊಡುತ್ತದೆ

ಕ್ರೋಮ್ ಎಕ್ಸ್‌ಟೆನ್ಷನ್‌ಗಳನ್ನು ನೆಚ್ಚಿಕೊಂಡವರಿಗೆ ಇದು ಹೊಂದುವುದಿಲ್ಲ. ಪಾಸ್‌ವರ್ಡ್ ತುಂಬಲು ಬಿಟ್‌ವಾರ್ಡನ್, ಕೀಪಾಸ್‌ಎಕ್ಸ್‌ಸಿ, ಪಾಸ್ ಇವುಗಳಿಗೆ ಯೂಸರ್‌ಸ್ಕ್ರಿಪ್ಟ್‌ಗಳಿವೆ, ಅಂದರೆ ಬ್ರೌಸರಿನಿಂದ ಓಡಿಸುವ ಪುಟ್ಟ ಹೊರಗಿನ ಪ್ರೋಗ್ರಾಮುಗಳು. ಹೊಂದಿಸಲು ಒಂದು ಸಂಜೆ ಬೇಕಾಗಬಹುದು. ನೆಟ್‌ಫ್ಲಿಕ್ಸ್‌ನಂಥ ತಾಣಗಳಿಗೆ ವೈಡ್‌ವೈನ್ ಎಂಬ ನಕಲು ತಡೆ ತುಣುಕು ಬೇಕು, ಅದು ಜೊತೆಗೆ ಬರುವುದಿಲ್ಲ. ನಾನು ಬ್ಯಾಂಕು, ವಿಡಿಯೊ ಕಾಲ್, ಸಿನಿಮಾ ಇವುಗಳಿಗೆ ಫೈರ್‌ಫಾಕ್ಸ್ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಓದುವುದು, ಹುಡುಕುವುದು, ಬರೆಯುವುದು ಎಲ್ಲ ಇಲ್ಲಿ.

ಬ್ರೌಸರನ್ನೇ ಬದಲಿಸಲು ಮನಸ್ಸಿಲ್ಲದವರು ಕ್ರೋಮ್ ಅಥವಾ ಫೈರ್‌ಫಾಕ್ಸ್‌ಗೆ ವಿಮಿಯಂ, ಫೈರ್‌ಫಾಕ್ಸ್‌ಗೆ ಟ್ರೈಡಾಕ್ಟಿಲ್ ಹಾಕಿ ನೋಡಿ. ‘ಎಫ್’, ‘ಜೆ’, ‘ಕೆ’ ಅಲ್ಲೂ ಇದೇ ಕೆಲಸ ಮಾಡುತ್ತವೆ. ಆದರೆ ಎಕ್ಸ್‌ಟೆನ್ಷನ್‌ಗೆ ಮಿತಿ ಇದೆ. ಸೆಟ್ಟಿಂಗ್ಸ್ ಪುಟದಂಥ ಬ್ರೌಸರಿನದೇ ಪುಟಗಳಲ್ಲಿ ಅವು ನಡೆಯುವುದಿಲ್ಲ. ಇನ್ನೂ ಒಂದು ಭಯ ಇದೆ. ವಿಂಪರೇಟರ್ ಎಂಬ ಒಳ್ಳೆಯ ಎಕ್ಸ್‌ಟೆನ್ಷನ್ ಇತ್ತು. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಹಳೆಯ ಮಾದರಿಯ ಎಕ್ಸ್‌ಟೆನ್ಷನ್‌ಗಳನ್ನು ಕೈಬಿಟ್ಟಾಗ ಅದೂ ನಿಂತುಹೋಯಿತು. ವರ್ಷಗಟ್ಟಲೆ ಬೆರಳಿಗೆ ಕಲಿಸಿದ್ದು ಒಂದೇ ಅಪ್‌ಡೇಟ್‌ಗೆ ಹೋಗುವುದು ಬೇಸರದ ಮಾತು. ಕೀಬೋರ್ಡನ್ನೇ ನಡುವೆ ಇಟ್ಟು ಕಟ್ಟಿದ ಬ್ರೌಸರಿನ ಮೇಲೆ ನನಗೆ ಹೆಚ್ಚು ನಂಬಿಕೆ ಬರಲು ಇದೂ ಒಂದು ಕಾರಣ.

ಹೊಸ ಕಂಪ್ಯೂಟರಿಗೆ ಹೋಗುವಾಗ ಕಾನ್ಫಿಗ್ ಫೋಲ್ಡರನ್ನು ಹಾಗೇ ನಕಲು ಮಾಡಿಕೊಳ್ಳಿ. ಲಿನಕ್ಸ್‌ನಲ್ಲಿ ಇದು ಹೋಮ್ ಫೋಲ್ಡರಿನ ಡಾಟ್-ಕಾನ್ಫಿಗ್ ಒಳಗಿರುತ್ತದೆ, ವಿಂಡೋಸ್‌ನಲ್ಲಿ ಆಪ್‌ಡೇಟಾ ಒಳಗೆ. ಸೆಟ್ಟಿಂಗ್, ಕೀಗಳು, ಕ್ವಿಕ್‌ಮಾರ್ಕ್, ಬುಕ್‌ಮಾರ್ಕ್ ಎಲ್ಲ ಅದರಲ್ಲೇ ಇವೆ. ಹಿಸ್ಟರಿ ಮತ್ತು ಕುಕಿಗಳು ಮಾತ್ರ ಬೇರೆ ಡೇಟಾ ಫೋಲ್ಡರಿನಲ್ಲಿರುತ್ತವೆ. ಅಲ್ಲಿ ಲಾಗಿನ್ ಆದ ಖಾತೆಗಳ ಗುರುತೂ ಇರುವುದರಿಂದ ಅದನ್ನು ಯಾರಿಗೂ ಕಳಿಸಬೇಡಿ. ಹೊಸ ಕಂಪ್ಯೂಟರಿನಲ್ಲಿ ತೆರೆದ ಮೇಲೆ ಒಮ್ಮೆ ವರ್ಷನ್ ನೋಡಿ, ಅಡ್‌ಬ್ಲಾಕ್-ಅಪ್‌ಡೇಟ್ ಕೊಟ್ಟು ಕೆಲಸ ಶುರು ಮಾಡಿ.